ಕ್ಲೌಡಿನ ಸಂರಚನೆ ಮತ್ತು ಹೊರನಾಡ ಕನ್ನಡ

(ತಿರುವನಂತಪುರದ ಪಟ್ಟಂನಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಲ್ಲಿ ಕುಮಾರವ್ಯಾಸನ ಬಗ್ಗೆ, ವಚನಗಳ ಬಗ್ಗೆ, ಮಹಾಜನ ವರದಿಯ ಬಗ್ಗೆ ವಿದ್ವಾಂಸರು ಮಾತನಾಡಿದ್ದಾರೆ. ನಾನು ವಿದ್ವಾಂಸನಲ್ಲ. ಸಾಫ್ಟ್‌ವೇರನ್ನು ಕ್ಲೌಡಿಗೆ ಏರಿಸುವ ಕೆಲಸದಿಂದ ಹೊಟ್ಟೆ ಹೊರೆಯುವವನು. ಆ ಕೆಲಸದಲ್ಲಿ ತೀರ ಸಪ್ಪೆಯೆಂದು ಎಲ್ಲರೂ ತಿಳಿದಿರುವ ಭಾಗ ಸಂರಚನೆ, ಅಂದರೆ ನಮ್ಮ ಆಡುಮಾತಿನ ಸೆಟ್ಟಿಂಗ್. ಅದರ ಬಗ್ಗೆ ಭಾಷಣ ಮಾಡುತ್ತೇನೆಂದಾಗ ಕಾರ್ಯದರ್ಶಿಗಳು ‘ಅದರಲ್ಲಿ ಕನ್ನಡ ಎಲ್ಲಿ ಬರುತ್ತದೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಇಂದು ಹೊರನಾಡಿನಲ್ಲಿ ಕನ್ನಡ ಕಾಣೆಯಾಗುವುದು ಹೆಚ್ಚಾಗಿ ಕಾಯಿದೆಯಲ್ಲಿ ಅಲ್ಲ, ಪ್ರೋಗ್ರಾಮಿನಲ್ಲಿಯೂ ಅಲ್ಲ, ಯಾರೂ ಓದದ ಒಂದು ಸಂರಚನಾ ಫೈಲಿನಲ್ಲಿ.

ಕ್ಲೌಡ್ ಎಂದರೆ ಮೋಡ. ನೈಋತ್ಯ ಮಾರುತದ ಮೋಡಗಳಿಗೆ ಭಾರತದ ಹೆಬ್ಬಾಗಿಲಾಗಿರುವ ಈ ನಾಡಿನಲ್ಲಿ ನಿಂತು ಆ ಪದವನ್ನು ಆಡಲು ಸಂಕೋಚವೇ ಆಗುತ್ತದೆ. ಈ ಮೋಡದಲ್ಲಿ ಮೋಡದ್ದೇನೂ ಇಲ್ಲ. ಬೇರೊಬ್ಬರ ಕಟ್ಟಡದಲ್ಲಿರುವ, ಬೇರೊಬ್ಬರಿಗೆ ಸೇರಿದ ಗಣಕಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ವ್ಯವಸ್ಥೆ ಅದು. ಅಮೆಜಾನ್ ಕಂಪನಿ ಈ ವ್ಯಾಪಾರವನ್ನು 2006ರಲ್ಲಿ ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲಿ ತನ್ನ ಯಂತ್ರಾಗಾರ ತೆರೆಯಿತು. ನಾವು ಬಾಡಿಗೆಗೆ ಹಿಡಿಯುವ ಯಂತ್ರ ಬರಿಯ ಗೋಡೆಗಳ ಕೋಣೆಯಂತೆ ನಮ್ಮ ಕೈಗೆ ಬರುತ್ತದೆ. ಅದರಲ್ಲಿ ದೀಪ ಎಲ್ಲಿ, ನೀರು ಎಲ್ಲಿಂದ, ಗಡಿಯಾರಕ್ಕೆ ಯಾವ ಊರಿನ ಸಮಯ, ಮಾತು ಯಾವ ಭಾಷೆಯದು ಎಂಬುದನ್ನೆಲ್ಲ ನಾವೇ ಬರೆದು ಕೊಡಬೇಕು. ಆ ಬರೆಹವೇ ಸಂರಚನೆ.

ಇದಕ್ಕೆ ನಮ್ಮ ತೆಂಕುತಿಟ್ಟಿನ ಮೇಳಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಂದಿಗೆ ಬಂದಿರುವ ರಾಮಾಯಣದ ಪ್ರಸಂಗವನ್ನು ಮೇಳವೊಂದು ಇಂದು ಉಪ್ಪಳದಲ್ಲಿ ಆಡುತ್ತದೆ, ನಾಳೆ ಪುತ್ತೂರಿನಲ್ಲಿ ಆಡುತ್ತದೆ. ಪ್ರಸಂಗ ಅದೇ, ಪದ್ಯ ಅದೇ. ಆದರೆ ಆಟ ಆಡಿಸುವವರು ಯಾರು, ರಂಗಸ್ಥಳ ಎಲ್ಲಿ, ರಾತ್ರಿಯಿಡೀ ಆಟವೋ ಕಾಲಮಿತಿಯೋ, ಯಾವ ದೇವರ ಸ್ಮರಣೆ ಮೊದಲು ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಅದನ್ನು ಮೇಳದ ಯಜಮಾನರು ಬೇರೆ ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಉಪ್ಪಳದ ಸೇವಾಕರ್ತರ ಹೆಸರನ್ನು ಯಾರಾದರೂ ಪ್ರಸಂಗ ಪುಸ್ತಕದ ಪದ್ಯದೊಳಗೇ ಬರೆದುಬಿಟ್ಟರೆ ಏನಾದೀತು? ಪುತ್ತೂರಿನ ಸಭೆಯಲ್ಲಿ ಭಾಗವತರು ಉಪ್ಪಳದವರನ್ನು ಹರಸಿಬಿಡುತ್ತಾರೆ. ನಮ್ಮ ವೃತ್ತಿಯಲ್ಲಿ ಈ ಬಗೆಯ ಕೆಲಸ ದಿನನಿತ್ಯವೂ ನಡೆಯುತ್ತದೆ.

ಆದುದರಿಂದಲೇ, ಪ್ರೋಗ್ರಾಮು ಬೇರೆ, ಅದು ಓಡುವ ಸ್ಥಳದ ವಿವರ ಬೇರೆ ಎಂಬ ಶಿಸ್ತು ಬೆಳೆದುಬಂದಿತು. ಯೂನಿಕ್ಸ್ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲಿಯೇ ‘ಪರಿಸರದ ಚರ’ಗಳು, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಬಂದಿದ್ದವು: ಎಡಗಡೆ ಒಂದು ಹೆಸರು, ನಡುವೆ ಸಮಚಿಹ್ನೆ, ಬಲಗಡೆ ಒಂದು ಬೆಲೆ. 2011ರ ಸುಮಾರಿಗೆ ಹೆರೋಕು ಎಂಬ ಕ್ಲೌಡ್ ಕಂಪನಿಯ ಆಡಮ್ ವಿಗಿನ್ಸ್ ಮತ್ತು ಸಂಗಡಿಗರು ‘ಟ್ವೆಲ್ವ್ ಫ್ಯಾಕ್ಟರ್ ಆಪ್’ ಎಂಬ ಹನ್ನೆರಡು ಸೂತ್ರಗಳನ್ನು ಪ್ರಕಟಿಸಿದಾಗ ಮೂರನೆಯ ಸೂತ್ರವಾಗಿ ಈ ಹಳೆಯ ಪದ್ಧತಿಯನ್ನೇ ಎತ್ತಿಹಿಡಿದರು. ಅವರು ಕೊಟ್ಟ ಒರೆಗಲ್ಲು ನನಗೆ ಬಹಳ ಮೆಚ್ಚುಗೆಯಾದುದು: ನಿಮ್ಮ ಪ್ರೋಗ್ರಾಮನ್ನು ಈ ಕ್ಷಣವೇ ಲೋಕಕ್ಕೆಲ್ಲ ಬಿಚ್ಚಿ ತೋರಿಸಿದರೆ ಯಾವ ಗುಟ್ಟಾದರೂ ಬಯಲಾಗುತ್ತದೆಯೇ? ಆಗುತ್ತದೆಯೆಂದಾದರೆ ಸಂರಚನೆ ಇನ್ನೂ ಪ್ರೋಗ್ರಾಮಿನೊಳಗೇ ಕುಳಿತಿದೆ ಎಂದರ್ಥ.

ಇದು ಪಂಡಿತರ ಚರ್ಚೆಯಲ್ಲ. 2016ರಲ್ಲಿ ಊಬರ್ ಕಂಪನಿಯ ಎಂಜಿನಿಯರುಗಳು ಪ್ರೋಗ್ರಾಮು ಇಡುತ್ತಿದ್ದ ಖಾಸಗಿ ಉಗ್ರಾಣಕ್ಕೆ ಕಳ್ಳರು ನುಗ್ಗಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕ್ಲೌಡಿನ ಬೀಗದ ಕೈ. ಅದರಿಂದ ಸುಮಾರು 5 ಕೋಟಿ 70 ಲಕ್ಷ ಜನರ ವಿವರ ಅವರ ಪಾಲಾಯಿತು. ಲೋಕಕ್ಕೆ ತಿಳಿದದ್ದು 2017ರ ನವೆಂಬರಿನಲ್ಲಿ. ಇಂದು ಬಹಳ ಮಂದಿ ಬಳಸುವ ಕುಬರ್ನೆಟೀಸ್‌ನಲ್ಲಿ ಸಾಮಾನ್ಯ ವಿವರಗಳಿಗೆ ಒಂದು ಡಬ್ಬಿ, ಗುಟ್ಟಿನ ವಿವರಗಳಿಗೆ ಇನ್ನೊಂದು ಡಬ್ಬಿ ಇವೆ. ಆದರೆ ಆ ಗುಟ್ಟಿನ ಡಬ್ಬಿಯಲ್ಲಿರುವುದು, ನಾವಾಗಿ ಬೇರೆ ಏರ್ಪಾಡು ಮಾಡದಿದ್ದರೆ, ಲಿಪಿ ಬದಲಿಸಿ ಬರೆದ ಪಾಸ್‌ವರ್ಡ್ ಮಾತ್ರ. ಅದು ಮುಸುಕು, ಬೀಗವಲ್ಲ. ಟೆಕ್ನೋಪಾರ್ಕಿನಲ್ಲಿ ದುಡಿಯುವ ತರುಣರು ಇಲ್ಲಿ ಹಲವರಿದ್ದೀರಿ. ಇದನ್ನು ನಿಮಗೆ ವಿಸ್ತರಿಸಬೇಕಾಗಿಲ್ಲ. ನಾನು ಬೇಗ ಭಾಷೆಯ ಸೆಟ್ಟಿಂಗುಗಳಿಗೆ ಬರುತ್ತೇನೆ. ಪಾಸ್‌ವರ್ಡಿಗೆ ಕಾವಲುಗಾರರು ಹಲವರಿದ್ದಾರೆ, ಇವಕ್ಕೆ ಯಾರೂ ಇಲ್ಲ.

ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವನ್ನು ಹೇಳುತ್ತೇನೆ. ಸಂಸ್ಥೆಗಳ ಹೆಸರು ಬೇಡ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ ಅಡಿಕೆ ಖರೀದಿ ಮಾಡುವ ಒಂದು ಸಂಸ್ಥೆಗಾಗಿ ಕೊಚ್ಚಿಯ ಒಂದು ಕಂಪನಿ ಸಾಫ್ಟ್‌ವೇರ್ ಮಾಡಿತು. ಬೆಳೆಗಾರ ಅಡಿಕೆ ತಂದು ತೂಗಿಸಿದೊಡನೆ ಅವನ ಹೆಸರು, ತೂಕ, ದರ, ಹಣ ಎಲ್ಲವೂ ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಚೀಟಿಯಾಗಿ ಬರಬೇಕು, ಮೊಬೈಲಿಗೆ ಸಂದೇಶ ಹೋಗಬೇಕು. ಕೊಚ್ಚಿಯ ಮೇಜಿನ ಮೇಲಿನ ಗಣಕದಲ್ಲಿ ಎಲ್ಲವೂ ಸೊಗಸಾಗಿತ್ತು. ಕ್ಲೌಡಿಗೆ ಏರಿಸಿದ ಮೇಲೆ ಮಲಯಾಳದ ಚೀಟಿ ಸರಿಯಾಗಿ ಬಂತು. ಕನ್ನಡದ ಚೀಟಿಯಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಬಂದವು. ಹೊಸದಾಗಿ ನೋಂದಾಯಿಸಿದ ಬೆಳೆಗಾರರ ಹೆಸರಿನ ಜಾಗದಲ್ಲಿ ಎರಡೂ ಭಾಷೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಬೆಳಗಿನ ಜಾವ ಐದಕ್ಕೆ ತೂಗಿದ ಮಾಲಿಗೆ ಹಿಂದಿನ ದಿನದ ತಾರೀಖು. ಎಪ್ಪತ್ತು ದಾಟಿದ ಬೆಳೆಗಾರರೊಬ್ಬರು ಆ ಚೀಟಿಗೆ ರುಜು ಹಾಕಲು ಒಪ್ಪಲಿಲ್ಲ. ಚೌಕಗಳಿಗೆ ರುಜು ಹಾಕುವವನು ನಾನಲ್ಲ, ಇಂಗ್ಲಿಷಿನಲ್ಲಾದರೂ ಕೊಡಿ, ಮಗನಿಂದ ಓದಿಸುತ್ತೇನೆ ಎಂದರು. ಮರುದಿನದಿಂದ ಎಲ್ಲ ಕನ್ನಡಿಗರಿಗೂ ಇಂಗ್ಲಿಷಿನ ಚೀಟಿಯೇ ಹೋಯಿತು. ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ, ಯಾರೂ ವಿರೋಧಿಸಲಿಲ್ಲ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಅದು ಅಲ್ಲಿಂದ ಹೊರಟುಹೋಯಿತು.

ಪ್ರೋಗ್ರಾಮಿನ ಒಂದು ಸಾಲೂ ತಪ್ಪಾಗಿರಲಿಲ್ಲ ಎಂಬುದು ಈ ಕಥೆಯ ಮುಖ್ಯ ಅಂಶ. ಮೇಜಿನ ಮೇಲಿನ ಗಣಕದಲ್ಲಿ ಯಾರೋ ಎಂದೋ ಹಾಕಿಟ್ಟಿದ್ದ ಸೌಕರ್ಯಗಳು ಕ್ಲೌಡಿನ ಬರಿಗೋಡೆಯ ಕೋಣೆಯಲ್ಲಿ ಇರಲಿಲ್ಲ, ಅಷ್ಟೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ತೆರೆಯ ಮೇಲೆ ಕನ್ನಡ ಮೂರು ವಿಧವಾಗಿ ಕೆಡುತ್ತದೆ. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಎಂಜಿನಿಯರಲ್ಲದವರೂ ಇದನ್ನು ಗುರುತಿಸಲು ಕಲಿಯಬಹುದು.

ಖಾಲಿ ಚೌಕ ಕಂಡರೆ ಗಾಬರಿಯಾಗಬೇಕಿಲ್ಲ. ಅಕ್ಷರ ಒಳಗೆ ಸುರಕ್ಷಿತವಾಗಿದೆ; ಅದನ್ನು ಬರೆಯುವ ಫಾಂಟ್ ಆ ಸರ್ವರಿನಲ್ಲಿಲ್ಲ. ಕ್ಲೌಡಿಗೆ ಕಳುಹಿಸುವ ಡಾಕರ್ ಪೆಟ್ಟಿಗೆಗಳನ್ನು ಹಗುರವಾಗಿಡಬೇಕೆಂದು ಫಾಂಟುಗಳನ್ನೆಲ್ಲ ಕಿತ್ತುಹಾಕಿರುತ್ತಾರೆ. ಕೇರಳದ ಕಂಪನಿ ಮಲಯಾಳದ ಫಾಂಟನ್ನು ಮರೆಯದೆ ಸೇರಿಸುತ್ತದೆ, ಕನ್ನಡದ್ದು ನೆನಪಾಗುವುದಿಲ್ಲ. ಗೂಗಲ್ ಸಂಸ್ಥೆ ಉಚಿತವಾಗಿ ಕೊಡುವ ನೋಟೋ ಫಾಂಟಿನ ಹೆಸರಿಗೆ ‘ತೋಫು ಇಲ್ಲ’ ಎಂಬುದು ಮೂಲ. ಖಾಲಿ ಚೌಕವನ್ನು ಆ ವೃತ್ತಿಯವರು ಸೋಯಾ ಗಿಣ್ಣಿಗೆ ಹೋಲಿಸಿ ತೋಫು ಎನ್ನುತ್ತಾರೆ. ಸಂರಚನೆಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು.

ಎರಡನೆಯದು ವಿಚಿತ್ರವಾದ ಲ್ಯಾಟಿನ್ ಅಕ್ಷರಗಳ ಮೆರವಣಿಗೆ: ನೆತ್ತಿಯ ಮೇಲೆ ಗೀಟಿರುವ ‘ಎ’, ಅದರ ಪಕ್ಕದಲ್ಲಿ ಪುಟ್ಟ ಎರಡು ಅಥವಾ ಪುಟ್ಟ ಮೂರು, ಮತ್ತೆ ಏನೋ ಒಂದು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಐದು ಸಂಕೇತ, ಹದಿನೈದು ಬೈಟ್. ಈ ಮೂರು ಬೈಟನ್ನು ಒಂದು ಅಕ್ಷರವೆಂದು ಓದದೆ ಮೂರು ಲ್ಯಾಟಿನ್ ಅಕ್ಷರಗಳೆಂದು ಓದಿದಾಗ ಹೀಗಾಗುತ್ತದೆ. ಇದೂ ಹೆಚ್ಚಿನ ಸಂದರ್ಭಗಳಲ್ಲಿ ವಾಸಿಯಾಗುವ ರೋಗ.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆ. ಇದು ಮರಣ. ಅಕ್ಷರವನ್ನು ಹಿಡಿಸಲಾರದ ಪಾತ್ರೆಗೆ ಸುರಿದಾಗ ಪಾತ್ರೆ ಅದನ್ನು ಚೆಲ್ಲಿ, ಅದರ ಜಾಗದಲ್ಲಿ ಒಂದು ಗುರುತು ಮಾತ್ರ ಇಟ್ಟುಕೊಂಡಿದೆ. ಆ ಗುರುತಿನಿಂದ ಹೆಸರನ್ನು ಯಾವ ಪಂಡಿತನೂ ಮರಳಿ ಪಡೆಯಲಾರ. ಬೆಳೆಗಾರನ ಮನೆಗೆ ಹೋಗಿ ಮತ್ತೆ ಕೇಳಿಯೇ ಬರೆಯಬೇಕು. ಮೈಸೀಕ್ವೆಲ್ ಎಂಬ ಜನಪ್ರಿಯ ದತ್ತಾಂಶ ಕೋಶದಲ್ಲಿ, ನಾವಾಗಿ ಏನೂ ಹೇಳದಿದ್ದರೆ, 2018ರಲ್ಲಿ ಎಂಟನೆಯ ಆವೃತ್ತಿ ಬರುವವರೆಗೂ ಲ್ಯಾಟಿನ್ ಲಿಪಿಯೇ ಗೃಹೀತವಾಗಿತ್ತು. ಅಷ್ಟೇ ಅಲ್ಲ, ಅದು ಸ್ವೀಡನ್ನಿನಲ್ಲಿ ಹುಟ್ಟಿದ್ದರಿಂದ ಅಕಾರಾದಿ ಕ್ರಮವೂ ಸ್ವೀಡಿಷ್ ಭಾಷೆಯದು! ನಾನು ಹೇಳಿದ ಪ್ರಕರಣದಲ್ಲಿ ಕ್ಲೌಡಿನಲ್ಲಿ ಹಳೆಯ ಆವೃತ್ತಿಯ ಕೋಶವನ್ನು ಇದ್ದಕ್ಕಿದ್ದಂತೆಯೇ ತೆರೆದಿದ್ದರು. ಮಂಜೇಶ್ವರದ ಬೆಳೆಗಾರನ ಹೆಸರನ್ನು ಸ್ವೀಡನ್ನಿನ ಕಟ್ಟಳೆಗೆ ಒಪ್ಪಿಸಿದಂತಾಯಿತು. ಅದು ತಕರಾರಿಲ್ಲದೆ ಹೆಸರನ್ನು ನುಂಗಿತು.

ಈ ‘ತಕರಾರಿಲ್ಲದೆ’ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಅದಕ್ಕೆ ಮತ್ತೆ ಬರುತ್ತೇನೆ.

ತಾರೀಖಿನ ವಿಷಯ ಸರಳ. ಕ್ಲೌಡಿನ ಗಡಿಯಾರಗಳು ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿ ನಡೆಯುತ್ತವೆ; ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಐದೂವರೆಯ ಮೊದಲು ನಮ್ಮಲ್ಲಿ ನಡೆದದ್ದೆಲ್ಲ ಅಲ್ಲಿ ನಿನ್ನೆಯದು. ‘ಏಷ್ಯಾ/ಕೋಲ್ಕತ್ತಾ’ ಎಂದು ಒಂದು ಸಾಲು ಬರೆದರೆ ಸರಿ. ಅರ್ಜಿಯ ಕೊನೆಯ ದಿನಾಂಕ ಇರುವ ಸೇವೆಗಳಲ್ಲಿ ಮಾತ್ರ ಈ ಐದೂವರೆ ಗಂಟೆ ಒಬ್ಬನ ನೌಕರಿಯನ್ನೇ ತೂಗಬಲ್ಲದು.

ಮೊಬೈಲ್ ಸಂದೇಶದ ಕಥೆ ಬೇರೆ. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತವೆ. ಭಾರತೀಯ ಲಿಪಿಗಳಲ್ಲಿ 70 ಸಂಕೇತ ಮಾತ್ರ. ಸಂದೇಶ ಕಳುಹಿಸುವ ಸೇವೆಗೆ ಇದು ಯೂನಿಕೋಡ್ ಎಂದು ಸಂರಚನೆಯಲ್ಲಿ ತಿಳಿಸದಿದ್ದರೆ ಹೋಗುವುದು ಪ್ರಶ್ನಾರ್ಥಕ ಚಿಹ್ನೆಗಳೇ. ತಿಳಿಸಿದರೆ ಒಂದು ಸಂದೇಶ ಎರಡು ಮೂರಾಗಿ ಒಡೆದು ಖರ್ಚು ಏರುತ್ತದೆ. ಲೆಕ್ಕಪತ್ರದವರು ಒಂದು ದಿನ ಬಿಲ್ಲು ನೋಡಿ, ಕನ್ನಡವನ್ನು ನಿಲ್ಲಿಸಿ ಎನ್ನುತ್ತಾರೆ. ಅಲ್ಲಿ ಕನ್ನಡದ ಪರವಾಗಿ ಮಾತನಾಡಲು ಯಾರಾದರೂ ಇರಬೇಕು. ‘ಒಟ್ಟು ಹಣ ಇಷ್ಟು, ಇಂದು ಜಮೆ’ ಎಂದು 70 ಸಂಕೇತಗಳೊಳಗೆ ಚೊಕ್ಕವಾಗಿ ಬರೆದು ತೋರಿಸಬಲ್ಲವರು. ಭಾಷಾಭಿಮಾನದ ಉದ್ದನೆಯ ಭಾಷಣಕ್ಕಿಂತ ಅಲ್ಲಿ ಒಂದು ಚಿಕ್ಕ ವಾಕ್ಯದ ಬೆಲೆ ಹೆಚ್ಚು.

ಇನ್ನು ಅಕಾರಾದಿ. ಯೂನಿಕೋಡಿನ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಮಗ್ಗುಲಲ್ಲಿ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ಆಚೆ, ಕೊನೆಯಲ್ಲಿ. ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲು ಬರುತ್ತದೆ, ನಿಘಂಟು ನೋಡಿ ಬೆಳೆದವನು ಅದನ್ನು ಆಮೇಲೆ ಹುಡುಕುತ್ತಾನೆ. ಕನ್ನಡದ ಕ್ರಮ ಬೇಕೆಂದು ದತ್ತಾಂಶ ಕೋಶ ತೆರೆಯುವಾಗಲೇ ಹೇಳುವುದು ಒಳ್ಳೆಯದು. ಪೋಸ್ಟ್‌ಗ್ರೆಸ್ ಎಂಬ ಕೋಶದಲ್ಲಿ ಇಡೀ ಕೋಶದ ಕ್ರಮ ಹುಟ್ಟುವಾಗ ನಿಗದಿಯಾಗುತ್ತದೆ, ಆಮೇಲೆ ಸುಲಭವಾಗಿ ಬದಲಾಗದು.

ಈಗ ‘ತಕರಾರಿಲ್ಲದೆ’ ಎಂಬ ಮಾತಿಗೆ ಬರುತ್ತೇನೆ. ಸೇವೆ ಯಾವ ಯಾವ ಭಾಷೆಗಳಲ್ಲಿ ದೊರೆಯಬೇಕೆಂಬ ಪಟ್ಟಿ ಸಂರಚನೆಯಲ್ಲಿರುತ್ತದೆ. ಕನ್ನಡದ ಅಂತಾರಾಷ್ಟ್ರೀಯ ಸಂಕೇತ ಕೆ, ಎನ್. ಕರ್ನಾಟಕವೆಂಬ ನೆನಪಿನಿಂದಲೋ ಏನೋ, ಕೆ, ಎ ಎಂದು ಬರೆದಿಟ್ಟ ಫೈಲುಗಳನ್ನು ನಾನು ಕಂಡಿದ್ದೇನೆ. ಕೆ, ಎ ಎಂದರೆ ಜಾರ್ಜಿಯಾ ದೇಶದ ಭಾಷೆ. ತಿಂಗಳುಗಳ ಹೆಸರು ಜಾರ್ಜಿಯನ್ ಲಿಪಿಯಲ್ಲಿ ಬಂದರೆ ಅದು ಅದೃಷ್ಟ. ನಗೆಗೀಡಾದ ತಪ್ಪು ಬೇಗ ತಿದ್ದಿಹೋಗುತ್ತದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬಳಕೆದಾರನ ಮೊಬೈಲು ಕನ್ನಡ ಕೇಳುತ್ತದೆ, ಪಟ್ಟಿಯಲ್ಲಿ ಕನ್ನಡವಿಲ್ಲ, ವ್ಯವಸ್ಥೆ ಮರುಮಾತಿಲ್ಲದೆ ಇಂಗ್ಲಿಷಿಗೋ ಮಲಯಾಳಕ್ಕೋ ಇಳಿಯುತ್ತದೆ. ತಪ್ಪಿನ ದಾಖಲೆಯಲ್ಲಿ ಒಂದು ಸಾಲೂ ಬೀಳುವುದಿಲ್ಲ, ಏಕೆಂದರೆ ಯಂತ್ರದ ದೃಷ್ಟಿಯಲ್ಲಿ ತಪ್ಪೇ ನಡೆದಿಲ್ಲ.

ಹಳೆಯ ಕಚೇರಿಯ ಚಿತ್ರವನ್ನು ನೆನೆಯಿರಿ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ನೀಡಿತು. ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಅರ್ಜಿಯನ್ನು ಗುಮಾಸ್ತನೊಬ್ಬ ನಿರಾಕರಿಸಿದರೆ ಅವನು ಅದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಅವನಿಗೊಂದು ಮುಖವಿತ್ತು, ಮೇಲಧಿಕಾರಿ ಇದ್ದ, ದೂರು ಬರೆಯಲು ವಿಳಾಸವಿತ್ತು. ಆ ನಿರಾಕರಣೆಯಿಂದಲೇ ಎಷ್ಟೋ ಚಳವಳಿಗಳು ಹುಟ್ಟಿದವು. ಸಂರಚನಾ ಫೈಲು ನಿರಾಕರಿಸುವಾಗ ಮಾತನಾಡುವುದಿಲ್ಲ. ಅರ್ಜಿದಾರನಿಗೆ ತನ್ನನ್ನು ನಿರಾಕರಿಸಲಾಗಿದೆ ಎಂಬುದೇ ತಿಳಿಯುವುದಿಲ್ಲ. ಕನ್ನಡದ ಸೌಕರ್ಯ ಇಲ್ಲವೆಂದುಕೊಂಡು ಪಕ್ಕದ ಅಂಗಡಿಯ ಹುಡುಗನಿಂದ ಇಂಗ್ಲಿಷಿನಲ್ಲಿ ತುಂಬಿಸುತ್ತಾನೆ. ವರ್ಷದ ಕೊನೆಗೆ ಅಂಕಿ ಸಂಖ್ಯೆ ತೆಗೆದರೆ ಕನ್ನಡದಲ್ಲಿ ಸೇವೆ ಪಡೆದವರು ಯಾರೂ ಇಲ್ಲ ಎಂದು ಬರುತ್ತದೆ, ಆ ಅಂಕಿಯನ್ನೇ ಹಿಡಿದು ಕನ್ನಡ ಬೇಕಾಗಿಲ್ಲ ಎನ್ನುತ್ತಾರೆ.

ಇದು ದೂರದ ಭಯವಲ್ಲ. ನಾವು ಕುಳಿತಿರುವ ಈ ಪಟ್ಟಂನಲ್ಲಿಯೇ ಕೇರಳ ಲೋಕಸೇವಾ ಆಯೋಗದ ಕಚೇರಿಯಿದೆ. ಕನ್ನಡ ಮತ್ತು ಮಲಯಾಳ ಬಲ್ಲ ಗುಮಾಸ್ತರ ಹುದ್ದೆಗೆ ಕಾಸರಗೋಡಿನ ತರುಣರು ಅರ್ಜಿ ಹಾಕುವುದು ಈ ಕಚೇರಿಗೆ, ಅದೂ ಗಣಕದ ಮೂಲಕ. ನಗರಸಭೆಗಳ ಜನನ ಮರಣ ನೋಂದಣಿಯಿಂದ ಕಟ್ಟಡದ ಪರವಾನಗಿಯವರೆಗಿನ ಸೇವೆಗಳನ್ನು ಒಂದೆಡೆ ತರುವ ‘ಕೆ-ಸ್ಮಾರ್ಟ್’ ವ್ಯವಸ್ಥೆ 2024ರ ಜನವರಿ 1ರಂದು ಕೊಚ್ಚಿಯಲ್ಲಿ ಉದ್ಘಾಟನೆಯಾಯಿತು, 2025ರಲ್ಲಿ ಗ್ರಾಮ ಪಂಚಾಯತುಗಳಿಗೂ ಹಬ್ಬಿತು. ಗುಮಾಸ್ತನ ಮೇಜು ಹೋಗಿ ತೆರೆ ಬಂದಿದೆ. ತೆರೆಯ ಹಿಂದಿನ ಪಟ್ಟಿಯಲ್ಲಿ ನಾವಿದ್ದೇವೆಯೇ ಎಂದು ಕೇಳುವುದು 1969ರ ಅವಕಾಶದ ಇಂದಿನ ರೂಪ.

ಕೇಳಿದರೆ ಆಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಕೋವಿಡ್ ಲಸಿಕೆಯ ನೋಂದಣಿಗಾಗಿ ಕೇಂದ್ರ ಸರಕಾರ ನಡೆಸಿದ ಕೋವಿನ್ ತಾಣ ಮೊದಲು ಇಂಗ್ಲಿಷಿನಲ್ಲಿ ಮಾತ್ರವಿತ್ತು. ಇಂಗ್ಲಿಷ್ ಬಾರದವರ ಗತಿಯೇನು ಎಂದು ಸರ್ವೋಚ್ಚ ನ್ಯಾಯಾಲಯದವರೆಗೂ ಪ್ರಶ್ನೆ ಹೋಯಿತು. 2021ರ ಜೂನ್ ಮೊದಲ ವಾರದಲ್ಲಿ ಹಿಂದಿಯ ಜೊತೆಗೆ ಕನ್ನಡ, ಮಲಯಾಳ ಮುಂತಾದ ಭಾಷೆಗಳು ಅಲ್ಲಿ ಬಂದವು. ಲಸಿಕೆ ಬದಲಾಗಲಿಲ್ಲ, ಸಾಲು ಬದಲಾಗಲಿಲ್ಲ; ಅದಕ್ಕೆ ಭಾಷೆಗಳನ್ನು ಸೇರಿಸಿದರು.

ಈ ವಿಷಯದಲ್ಲಿ ನಮ್ಮ ಮಲಯಾಳಿ ನೆರೆಹೊರೆಯವರನ್ನು ಎದುರಾಳಿಗಳೆಂದು ಭಾವಿಸುವುದು ಶುದ್ಧ ಅವಿವೇಕ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ 2002ರಿಂದ ತಮ್ಮ ಭಾಷೆಗಾಗಿ ಫಾಂಟು, ಪದಪಟ್ಟಿ, ಅನುವಾದಗಳನ್ನು ಬಿಡಿಗಾಸಿನ ಆಸೆಯಿಲ್ಲದೆ ಮಾಡುತ್ತ ಬಂದಿದೆ. ಅವರ ಚಿಲ್ಲಕ್ಷರಗಳ ಬಗ್ಗೆ ನಡೆದ ವಾದವಿವಾದ 2008ರ ಯೂನಿಕೋಡ್ ಆವೃತ್ತಿಯ ತನಕ ಹೋಯಿತು. ದತ್ತಾಂಶ ಕೋಶ, ಸಂದೇಶಗಳ ಯೂನಿಕೋಡ್, ಗಡಿಯಾರ ಇವುಗಳಲ್ಲಿ ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ. ಅವರು ತಿದ್ದಿದ್ದು ನಮಗೂ ದಕ್ಕಿದೆ. ನಮ್ಮದೇ ಆಗಿ ಉಳಿಯುವುದು ಫಾಂಟು, ಭಾಷಾಪಟ್ಟಿಯ ಆ ಎರಡಕ್ಷರ, ಅಕಾರಾದಿ, ಮತ್ತು ಊರ ಹೆಸರುಗಳು. ಊರ ಹೆಸರನ್ನು ಯಂತ್ರದಿಂದ ಲಿಪ್ಯಂತರ ಮಾಡಿಸಬಾರದು. ಮಲಯಾಳದ ‘ಕುಂಬಳ’ ಕನ್ನಡದಲ್ಲಿ ಕುಂಬಳೆ. ಯಂತ್ರಕ್ಕೆ ಬಿಟ್ಟರೆ ಕುಂಬಳೆಯ ಸೀಮೆ ತರಕಾರಿಯಾಗುತ್ತದೆ. ಕನ್ನಡದ ಹೆಸರುಗಳ ಪಟ್ಟಿಯನ್ನು ಬೇರೆಯಾಗಿ ಕೊಡಬೇಕು. ಅದನ್ನು ಮಾಡಬಲ್ಲವರು ಕಾಸರಗೋಡಿನಿಂದ ಬಂದು ಈ ಊರಿನಲ್ಲಿ ನೆಲೆಸಿರುವ ನೀವು.

ಇಲ್ಲಿರುವ ಎಂಜಿನಿಯರುಗಳಲ್ಲಿ ನನ್ನದೊಂದು ಬಿನ್ನಹ. ಯಾವ ಸೇವೆಯನ್ನು ಕ್ಲೌಡಿಗೆ ಏರಿಸಿದರೂ, ಭಾಷೆ ಸಿಗದಾಗ ಮೌನವಾಗಿ ಇಳಿಯಬಾರದು, ದಾಖಲೆಯಲ್ಲಿ ಬರೆದಿಟ್ಟೇ ಇಳಿಯಬೇಕು ಎಂಬ ಸೆಟ್ಟಿಂಗನ್ನು ಸೇರಿಸಿ. ತಿಂಗಳಿಗೆ ಎಷ್ಟು ಮಂದಿ ಕನ್ನಡ ಕೇಳಿ ನಿರಾಶರಾದರು ಎಂಬ ಲೆಕ್ಕ ಆಗ ತಾನಾಗಿ ಸಿಗುತ್ತದೆ. ಪರೀಕ್ಷೆಯನ್ನು ನಿಮ್ಮ ಮೇಜಿನ ಮೇಲೆ ಮಾಡಿ ಮುಗಿಸಬೇಡಿ. ಏರಿಸಿದ ಮೇಲೆ ಅಲ್ಲಿಯೇ, ಅಚ್ಚಾದ ಚೀಟಿ ಮತ್ತು ಮೊಬೈಲಿನ ಸಂದೇಶ ಎರಡನ್ನೂ ಕಣ್ಣಾರೆ ನೋಡಿ. ಇತರ ಸದಸ್ಯರು ಮಾಡಬೇಕಾದದ್ದು ಕಡಿಮೆ: ಚೌಕವೋ, ಗೀಟು ಹೊತ್ತ ಲ್ಯಾಟಿನ್ನೋ, ಪ್ರಶ್ನಾರ್ಥಕವೋ ಎಂದು ಗುರುತಿಸಿ, ತೆರೆಯ ಚಿತ್ರ ಹಿಡಿದು, ದಿನ ಮತ್ತು ಸಮಯ ಬರೆದು ದೂರು ಕೊಡಿ. ‘ಕನ್ನಡ ಬರುವುದಿಲ್ಲ’ ಎಂಬ ದೂರನ್ನು ಮೂಲೆಗೆ ಸರಿಸುವುದು ಸುಲಭ; ‘ನಿಮ್ಮ ಸರ್ವರಿನಲ್ಲಿ ಕನ್ನಡದ ಫಾಂಟ್ ಇಲ್ಲ’ ಎಂಬ ದೂರನ್ನು ಸರಿಸುವುದು ಕಷ್ಟ.

ಪರೀಕ್ಷೆಗೆಂದು ನಾನು ಬಳಸುವ ಒಂದು ಸಾಲನ್ನು ಸಂಘದ ಫಲಕದಲ್ಲಿ ಅಂಟಿಸಿದ್ದೇನೆ, ಬರೆದುಕೊಳ್ಳಿ: ‘ಸ್ತ್ರೀ, ಜ್ಞಾನ, ಅರ್ಕ, ರ‍್ಯಾಂಕ್, ಬಸವಕಲ್ಯಾಣ, ಬಳ್ಳಾರಿ’. ಸ್ತ್ರೀ ಒಡೆದು ಬಿಡಿ ಬಿಡಿಯಾದರೆ ಅಕ್ಷರ ಕೂಡಿಸುವ ತಂತ್ರಾಂಶ ಅಲ್ಲಿ ಇಲ್ಲ. ಅರ್ಕಾವೊತ್ತು ತಪ್ಪು ಜಾಗದಲ್ಲಿ ಕುಳಿತರೂ ಅದೇ ಕಾರಣ. ರ‍್ಯಾಂಕ್ ಎಂಬುದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವಿದೆ. ಶುಚಿ ಮಾಡುವ ನೆಪದಲ್ಲಿ ಅದನ್ನು ಕಿತ್ತು ಹಾಕುವ ಸೆಟ್ಟಿಂಗ್ ಇದ್ದರೆ ‘ರ’ ಹೋಗಿ ಅರ್ಕಾವೊತ್ತು ಬರುತ್ತದೆ. ಕೊನೆಯ ಎರಡು ಊರುಗಳು ಅಕಾರಾದಿಗಾಗಿ: ಕ್ರಮ ಸರಿಯಿದ್ದರೆ ಬಳ್ಳಾರಿ ಬಸವಕಲ್ಯಾಣದ ನಂತರವೇ ನಿಲ್ಲುತ್ತದೆ.